ಪಾಸಾದವಳು ಹಿಂದಿರುಗಿಸಿದ ಅಂಕಪಟ್ಟಿ

೧೯೯೭ರ ಮೇ ತಿಂಗಳು. ಹುಣಸೂರಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ನಾನು ಜೀವಶಾಸ್ತ್ರದ ಉಪನ್ಯಾಸಕಿಯಾಗಿ ಒಂಬತ್ತನೆಯ ವರ್ಷದಲ್ಲಿದ್ದೆ. ಅಲ್ಲಿಯವರೆಗೆ ನಮ್ಮ ಕಾಲೇಜಿನಿಂದ ಒಬ್ಬರೂ ಎಂಬಿಬಿಎಸ್ ಸೇರಿರಲಿಲ್ಲ. ಆ ವರ್ಷ ಚಿಕ್ಕತಾಯಮ್ಮ ಸೇರುತ್ತಾಳೆಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ.

ಬಿಳಿಕೆರೆಯಿಂದ ಒಳಗೆ ಮೂರು ಕಿಲೋಮೀಟರ್ ದೂರದ ಹಳ್ಳಿಯವಳು ಅವಳು. ತಂದೆ ಸಣ್ಣಸ್ವಾಮಿ ಗಾರೆ ಕೆಲಸದವರು. ಹುಡುಗಿಯದು ಮಾತು ಕಮ್ಮಿ, ಕೈಬರಹ ಅಚ್ಚುಕಟ್ಟು. ಹೃದಯದ ಚಿತ್ರವನ್ನು ಪುಸ್ತಕ ನೋಡದೆ ಬೋರ್ಡಿನ ಮೇಲೆ ಬರೆದು, ರಕ್ತ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ವಿವರಿಸಬಲ್ಲವಳು.

ಫಲಿತಾಂಶ ಬಂತು. ಜೀವಶಾಸ್ತ್ರ ೮೧, ರಸಾಯನಶಾಸ್ತ್ರ ೫೨, ಭೌತಶಾಸ್ತ್ರ ೪೬, ಗಣಿತ ೪೧. ಆ ವರ್ಷ ಭೌತಶಾಸ್ತ್ರಕ್ಕೆ ನವೆಂಬರಿನವರೆಗೆ ಉಪನ್ಯಾಸಕರೇ ಇರಲಿಲ್ಲ. ಬಂದವರು ಮೂರು ತಿಂಗಳಲ್ಲಿ ಇಡೀ ಪುಸ್ತಕ ಓಡಿಸಿ ಮುಗಿಸಿದ್ದರು. ಆಗ ಮೆಡಿಕಲ್ ಸೀಟಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಎಂಬ ಪ್ರವೇಶ ಪರೀಕ್ಷೆಯ ಅಂಕ ಅರ್ಧ ಸೇರಿಸಿ ರ‍್ಯಾಂಕ್ ಕೊಡುತ್ತಿದ್ದರು. ಈ ಅಂಕಗಳಿಗೆ ಸೀಟು ಸಿಗುವ ಆಸೆ ಇರಲಿಲ್ಲ.

ಅಂಕಪಟ್ಟಿ ಹಿಡಿದು ಬಂದ ಹುಡುಗಿ ನನ್ನನ್ನು ಕೇಳಿದ್ದು ಒಂದೇ ಮಾತು. "ಮೈಸೂರಲ್ಲಿ ಬಿಎಸ್ಸಿಗೆ ಸೀಟು ಸಿಕ್ತದಂತೆ ಮೇಡಂ, ಹಾಸ್ಟೆಲ್ಲೂ ಕೊಡ್ತಾರಂತೆ. ಸೇರ್ಕೊಂಬುಡ್ಲಾ?"

"ಎಂಬತ್ತೊಂದು ತೆಗೆದವಳು ಬಿಎಸ್ಸಿ ಮಾಡ್ತೀಯೇನೇ?" ಎಂದು ಗದರಿದೆ.

ಆ ಕಾಲದಲ್ಲಿ 'ರಿಜೆಕ್ಷನ್' ಎಂಬ ಅವಕಾಶವಿತ್ತು. ಬಂದ ಅಂಕ ಸಾಲದೆಂದು ತೋರಿದರೆ, ಪಾಸಾದವರೂ ನಿಗದಿತ ದಿನಗಳೊಳಗೆ ಅಂಕಪಟ್ಟಿಯನ್ನು ಹಿಂದಿರುಗಿಸಿ ತಮ್ಮ ಫಲಿತಾಂಶವನ್ನು ತಿರಸ್ಕರಿಸಬಹುದು. ವಿಜ್ಞಾನದ ನಾಲ್ಕೂ ವಿಷಯಗಳನ್ನು ಮುಂದಿನ ವರ್ಷ ಹೊಸದಾಗಿ ಬರೆಯಬೇಕು. ಒಂದೇ ಕಷ್ಟವೆಂದರೆ, ಅರ್ಜಿ ಹೋದ ಮೇಲೆ ಹಳೆಯ ಅಂಕಗಳು ಇಲ್ಲವೇ ಇಲ್ಲ. ಎರಡನೆಯ ಸಲ ಕಮ್ಮಿ ಬಂದರೆ ಅದೇ ಗತಿ. ಈ ನಿಯಮ ನನಗೆ ಚೆನ್ನಾಗಿ ಗೊತ್ತಿತ್ತು. ಅವಳಿಗೆ ಹೇಳುವಾಗ ಮೊದಲ ಭಾಗವನ್ನು ವಿಸ್ತಾರವಾಗಿ ಹೇಳಿದೆ, ಕೊನೆಯದನ್ನು ಒಂದು ವಾಕ್ಯದಲ್ಲಿ ಮುಗಿಸಿದೆ.

ಮರುದಿನ ಸಣ್ಣಸ್ವಾಮಿ ಬಂದರು. ಕೂರಲಿಲ್ಲ. "ಅಲ್ಲ ಮೇಡಂ, ಪಾಸಾಗವ್ಳಲ್ಲ, ಮತ್ತೆ ಯಾಕೆ ಬರೀಬೇಕು?" ಎಂದರು. ಹದಿನೈದು ನಿಮಿಷ ವಿವರಿಸಿದೆ. ಕೇಳಿ ಮುಗಿಸಿ, "ನಂಗೇನ್ ಗೊತ್ತಾಯ್ತದೆ, ನಿಮ್ಮುನ್ನ ನಂಬಿವ್ನಿ" ಎಂದು ಅರ್ಜಿಗೆ ರುಜು ಹಾಕಿದರು.

ಜೂನ್‌ನಿಂದ ಅವಳು ಬೆಳಗಿನ ಬಸ್ಸಿಗೆ ಬಂದು ಸಂಜೆಯವರೆಗೆ ನಮ್ಮ ಲ್ಯಾಬಿನ ಹಿಂದಿನ ಬೆಂಚಿನಲ್ಲಿ ಕೂತು ಓದುತ್ತಿದ್ದಳು. ರಸಾಯನಶಾಸ್ತ್ರದ ಸಹೋದ್ಯೋಗಿ ಬಿಡುವಿದ್ದಾಗ ಹೇಳಿಕೊಡುತ್ತಿದ್ದರು. ಭೌತಶಾಸ್ತ್ರಕ್ಕೆ ನಿವೃತ್ತ ಮೇಷ್ಟ್ರೊಬ್ಬರನ್ನು ನಾನೇ ಒಪ್ಪಿಸಿದ್ದೆ. ತಿಂಗಳಿಗೊಂದು ಟೆಸ್ಟ್. ಭೌತಶಾಸ್ತ್ರದಲ್ಲಿ ೫೪, ೬೧, ೬೮. ಡಿಸೆಂಬರಿಗೆ ೭೩. ಪ್ರತಿ ಸಲದ ಅಂಕವನ್ನೂ ನನ್ನ ಡೈರಿಯಲ್ಲಿ ಬರೆದುಕೊಂಡು ಹಿಗ್ಗುತ್ತಿದ್ದೆ.

ಡಿಸೆಂಬರಿನಲ್ಲೇ ಒಂದು ದಿನ ಅವಳು ಹೇಳಿದಳು: "ಊರಲ್ಲಿ ಎಲ್ರೂ ನನ್ನ ಫೇಲು ಅಂತಾರೆ ಮೇಡಂ. ಪಾಸಾಗಿದ್ರೆ ಯಾಕ್ ಮತ್ತೆ ಬರೀತಿದ್ಳು ಅಂತಾರೆ. ಮಾರ್ಕ್ಸ್ ಕಾರ್ಡ್ ತೋರ್ಸಾನ ಅಂದ್ರೆ ಅದೂ ಇಲ್ಲ. ಬಸ್ಸಲ್ಲಿ ಕಂಡಕ್ಟ್ರೂ ಕೇಳ್ದ, ಈ ಸಲನಾದ್ರೂ ಆಯ್ತದೇನವ್ವಾ ಅಂತ."

ನಾನು ನಕ್ಕೆ. "ಸೀಟು ಸಿಕ್ಕಿದ ದಿನ ಮೊದಲ ಪೇಡ ಅವನಿಗೇ ಕೊಡೋಣ" ಎಂದೆ. ಅವಳು ನಗಲಿಲ್ಲ.

ಫೆಬ್ರವರಿ ಹೊತ್ತಿಗೆ ಅವಳ ರವಿಕೆ ಭುಜದಿಂದ ಜಾರುವಷ್ಟು ಸಡಿಲವಾಗಿತ್ತು. ಮಧ್ಯಾಹ್ನದ ಬುತ್ತಿಯನ್ನು ಬಿಚ್ಚದೆ ಹಿಂದಕ್ಕೆ ಒಯ್ಯುತ್ತಿದ್ದಳು. ಕೇಳಿದರೆ, "ಹಸಿವಿಲ್ಲ ಮೇಡಂ" ಎನ್ನುತ್ತಿದ್ದಳು. ದೇಹದ ಪಾಠ ಮಾಡಿ ಸಂಬಳ ಪಡೆಯುವ ನಾನು ಅದನ್ನು ಓದಿನ ಶ್ರದ್ಧೆ ಎಂದುಕೊಂಡೆ.

೧೯೯೮ರ ಪರೀಕ್ಷೆ. ಜೀವಶಾಸ್ತ್ರ, ರಸಾಯನಶಾಸ್ತ್ರ ಚೆನ್ನಾಗಿ ಬರೆದಳು. ಭೌತಶಾಸ್ತ್ರದ ದಿನ ಅವಳ ಕೊಠಡಿಯ ಮೇಲ್ವಿಚಾರಕರು ಹೊರಗೆ ಬಂದು, "ನಿಮ್ಮ ಹುಡುಗಿ ಮೊದಲ ಒಂದೂವರೆ ಗಂಟೆ ಪೆನ್ನೇ ಎತ್ತಲಿಲ್ಲ" ಎಂದರು. ಅವಳನ್ನು ಹುಡುಕಿದೆ. ಕಾಂಪೌಂಡಿನ ಗೋಡೆಗೆ ಒರಗಿ ನಿಂತಿದ್ದಳು. ಅಳುತ್ತಿರಲಿಲ್ಲ.

"ಅಕ್ಷರ ಕಾಣ್ತಿತ್ತು ಮೇಡಂ. ಏನು ಕೇಳವ್ರೆ ಅಂತ ಅರ್ಥಾನೇ ಆಗ್ನಿಲ್ಲ."

ಉಳಿದಿದ್ದ ಗಣಿತವನ್ನು ಹೇಗೋ ಬರೆದಳು. ಸಿಇಟಿಗೆ ಹೋಗಲೇ ಇಲ್ಲ. ಫಲಿತಾಂಶ: ಜೀವಶಾಸ್ತ್ರ ೮೯, ರಸಾಯನಶಾಸ್ತ್ರ ೭೪, ಗಣಿತ ೪೪, ಭೌತಶಾಸ್ತ್ರ ೨೭. ಪಾಸಿಗೆ ೩೫ ಬೇಕಿತ್ತು.

ಮೂರನೆಯ ದಿನ ಸಣ್ಣಸ್ವಾಮಿ ಕೆಲಸದ ಬಟ್ಟೆಯಲ್ಲೇ ಕಾಲೇಜಿಗೆ ಬಂದರು. ಕೈಗೆ ಸಿಮೆಂಟ್ ಮೆತ್ತಿತ್ತು. ಸ್ಟಾಫ್ ರೂಮಿನಲ್ಲಿ ನಾವು ಆರು ಜನ ಇದ್ದೆವು. ಅವರು ದನಿ ಏರಿಸಲಿಲ್ಲ.

"ಪರೀಕ್ಷೆಗೆ ಮುಂಚೆ ಮೂರು ವಾರ ಮಗ್ಳು ನಿದ್ದೆ ಮಾಡ್ನಿಲ್ಲ ಮೇಡಂ. ನಿಮ್ಗೆ ಹೇಳ್ಬ್ಯಾಡ ಅಂದಿದ್ಳು, ಬೇಜಾರಾಯ್ತಾರೆ ಅಂತ." ಆಮೇಲೆ, "ಪಾಸಾಗಿದ್ ಹುಡ್ಗೀನ ಫೇಲ್ ಮಾಡ್ಬುಟ್ರಲ್ಲ" ಎಂದರು.

ಸಹೋದ್ಯೋಗಿಗಳು ತಮ್ಮ ಮುಂದಿನ ಕಾಗದ ನೋಡುತ್ತಾ ಕೂತಿದ್ದರು. ಸಣ್ಣಸ್ವಾಮಿ ಹೊರಟುಹೋದರು.

ಅಕ್ಟೋಬರಿನ ಪೂರಕ ಪರೀಕ್ಷೆಯಲ್ಲಿ ಅವಳು ಭೌತಶಾಸ್ತ್ರವನ್ನು ೩೮ ಅಂಕ ಪಡೆದು ದಾಟಿಕೊಂಡಳೆಂದು ಕಚೇರಿಯ ರಿಜಿಸ್ಟರಿನಿಂದ ತಿಳಿಯಿತು. ಆ ಹೊತ್ತಿಗೆ ಬಿಎಸ್ಸಿ ಪ್ರವೇಶ ಮುಗಿದಿತ್ತು. ಅಂಕಪಟ್ಟಿ ಒಯ್ಯಲು ಬಂದ ದಿನವೂ ಅವಳು ಲ್ಯಾಬಿನ ಕಡೆ ಸುಳಿಯಲಿಲ್ಲ. ನಾನೂ ಬಿಳಿಕೆರೆಯ ಬಸ್ಸು ಹತ್ತಿ ಅವಳ ಮನೆಗೆ ಹೋಗಬಹುದಿತ್ತು. ಬಸ್ಸಿನಲ್ಲಿ ಅರ್ಧ ಗಂಟೆ, ಆಮೇಲೆ ಮೂರು ಕಿಲೋಮೀಟರ್ ನಡಿಗೆ, ಅಷ್ಟೇ. ಹೋಗಲಿಲ್ಲ.

೨೦೦೪ರಲ್ಲಿ ಚುನಾವಣೆ ಕೆಲಸಕ್ಕೆಂದು ನನ್ನನ್ನು ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಡಂಚಿನ ಹಳ್ಳಿಯೊಂದಕ್ಕೆ ಹಾಕಿದರು. ಬಿಸಿಲಿಗೆ ತಲೆ ಸುತ್ತಿ ಕೂತಾಗ ಯಾರೋ ಊರಿನ ನರ್ಸಮ್ಮನನ್ನು ಕರೆತಂದರು. ಚಿಕ್ಕತಾಯಮ್ಮ. ಎಸ್ಸೆಸ್ಸೆಲ್ಸಿ ಓದಿದವರಿಗೂ ಸಿಗುತ್ತಿದ್ದ ಎಎನ್‌ಎಂ ತರಬೇತಿ ಮುಗಿಸಿ, ಹಳ್ಳಿ ಹಳ್ಳಿ ತಿರುಗಿ ಬಸುರಿಯರನ್ನೂ ಕೂಸುಗಳನ್ನೂ ನೋಡಿಕೊಳ್ಳುವ ಆರೋಗ್ಯ ಸಹಾಯಕಿಯಾಗಿದ್ದಳು. ನನ್ನ ತೋಳಿಗೆ ಬಿಪಿ ಪಟ್ಟಿ ಸುತ್ತಿ, ಅಳೆದು, ಉಪ್ಪು ಸಕ್ಕರೆಯ ನೀರು ಕುಡಿಸಿದಳು.

"ನನ್ನ ಮೇಲೆ ಸಿಟ್ಟಿದೆಯೇನಮ್ಮ?" ಎಂದು ಕೇಳಿದೆ.

"ಇಲ್ಲ ಅಂದ್ರೆ ಸುಳ್ಳಾಯ್ತದೆ ಮೇಡಂ" ಎಂದಳು ಪಟ್ಟಿ ಬಿಚ್ಚುತ್ತಾ. "ನೀವು ಕೆಟ್ಟದ್ದ ಬಯಸ್ನಿಲ್ಲ, ಗೊತ್ತು. ಬಿಎಸ್ಸಿ ಸೇರ್ಲಾ ಅಂತ ನಾನು ಕೇಳಿದ್ದೆ. ನೀವು ಕೇಳಿಸ್ಕಳ್ನಿಲ್ಲ."

ಹೊರಗೆ ಕೂಸು ಎತ್ತಿಕೊಂಡು ಯಾರೋ ಕಾಯುತ್ತಿದ್ದರು. ಅವಳು ಎದ್ದು ಹೋದಳು.

ಆಮೇಲೂ ಪ್ರತಿ ವರ್ಷ ಮಕ್ಕಳು ಕಮ್ಮಿ ಅಂಕ ಹಿಡಿದು ನನ್ನ ಬಳಿ ಬರುತ್ತಿದ್ದರು. ಮತ್ತೆ ಪ್ರಯತ್ನಿಸಬೇಡಿ ಎಂದು ಯಾರಿಗೂ ಹೇಳಲಿಲ್ಲ, ಮತ್ತೆ ಪ್ರಯತ್ನಿಸಿ ಗೆದ್ದವರನ್ನೂ ಕಂಡಿದ್ದೇನೆ. ಕುರ್ಚಿ ಎಳೆದು ಕೂರಿಸುತ್ತಿದ್ದೆ. ಸೋತರೆ ಕೈಯಲ್ಲಿ ಏನು ಉಳಿಯುತ್ತದೆಂದು ಮೊದಲು ಹೇಳುತ್ತಿದ್ದೆ, ಆಮೇಲೆ ಗೆದ್ದರೆ ಏನೆಂದು. ಊಟ, ನಿದ್ದೆ, ಊರಿನವರ ಮಾತು, ಎಲ್ಲವನ್ನೂ ವಿಚಾರಿಸುತ್ತಿದ್ದೆ. ನಿನಗೇನು ಬೇಕು ಎಂದು ಕೇಳಿ, ಅವರು ಹೇಳಿ ಮುಗಿಸುವವರೆಗೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಪಾಠ ಹೇಳುವುದನ್ನು ತರಬೇತಿಯಲ್ಲಿ ಕಲಿತಿದ್ದೆ. ಕೇಳಿಸಿಕೊಳ್ಳುವುದನ್ನು ಕಲಿಯಲು ಒಬ್ಬ ಹುಡುಗಿ ತನ್ನ ಅಂಕಪಟ್ಟಿಯನ್ನು ತೆರಬೇಕಾಯಿತು.