ಮುನಿವೆಂಕಟಮ್ಮ ಆರಿಸಿದ ಸಿಪಾಯಿ

ರೇಷ್ಮೆ ಬಿಚ್ಚುವ ಹೆಂಗಸರಿಗೆ ಬಾಯಿ ಜೋರು ಎಂದು ನಮ್ಮ ವಿಜಯಪುರದ ಗಂಡಸರು ದೂರುತ್ತಾರೆ. ದಿನವೆಲ್ಲ ಚರಕಗಳ ಸದ್ದಿನ ನಡುವೆ ಕೂತವರು ಪಿಸುಗುಟ್ಟಿದರೆ ಯಾರಿಗೆ ಕೇಳಿಸಬೇಕು? ಆ ಜೋರು ಬಾಯಿಗಳಲ್ಲೆಲ್ಲ ಜೋರಾದದ್ದು ಮುನಿವೆಂಕಟಮ್ಮನದು. ಕುದಿಯುವ ನೀರಿನಲ್ಲಿ ಬೇಯುವ ಗೂಡುಗಳಿಂದ ಎಳೆ ಹಿಡಿದೆತ್ತಿ ಎತ್ತಿ ಅವಳ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ಅಂಥ ಬಾಯಿದ್ದೂ ಅವಳ ಇಷ್ಟವೇನು ಎಂದು ವಿಚಾರಿಸಿದವರು ಯಾರೂ ಇರಲಿಲ್ಲ. ಮದುವೆಯನ್ನು ಅಪ್ಪ ಗೊತ್ತುಮಾಡಿದ. ಗಂಡ ಸತ್ತ ಮೇಲೆ ಹೊಲವನ್ನು ಮೈದುನಂದಿರು ಹಂಚಿಕೊಂಡರು. ಅವಳು ಕೂಗಾಡಿದಳು, ಊರು ಕೇಳಿಸಿಕೊಂಡು ಮನೆಗೆ ಹೋಯಿತು.

ಸಾವಿರದ ಒಂಬೈನೂರ ನಲವತ್ತನಾಲ್ಕರ ಬೇಸಿಗೆಯಲ್ಲಿ ಅಪ್ಪಯ್ಯಣ್ಣನ ಟೆಂಟ್ ಸಿನಿಮಾ ನಮ್ಮೂರಿಗೆ ಒಂದು ಇಂಗ್ಲಿಷ್ ಯುದ್ಧದ ಚಿತ್ರ ತಂದಿತು. ಆಗ ನಮ್ಮ ಕಡೆಯ ರೇಷ್ಮೆಗೆಲ್ಲ ಯುದ್ಧದ ಗಿರಾಕಿ. ವಿಮಾನದಿಂದ ಧುಮುಕುವ ಸಿಪಾಯಿಗಳಿಗೆ ಅದರಿಂದ ದೊಡ್ಡ ಛತ್ರಿ ಹೊಲಿಯುತ್ತಾರೆ ಎಂದು ಮಾತಿತ್ತು. ಅಪ್ಪಯ್ಯಣ್ಣನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೂ ಪರದೆಯ ಪಕ್ಕ ಕೋಲು ಹಿಡಿದು ನಿಂತು ಪ್ರತಿಯೊಂದು ಮಾತಿಗೂ ಅರ್ಥ ಹೇಳುತ್ತಿದ್ದ. ದಿನಕ್ಕೊಂದು ಅರ್ಥ. ಸೋಮವಾರ ಅಣ್ಣತಮ್ಮಂದಿರಾಗಿದ್ದವರು ಗುರುವಾರ ಮಾವ ಅಳಿಯ ಆಗಿರುತ್ತಿದ್ದರು.

ಚಿತ್ರದ ಹೀರೋ ಯಾರು ಎಂದು ಊರಿನಲ್ಲಿ ಪಕ್ಷಗಳೆದ್ದವು. ಅಂಗಡಿ ಬೀದಿಯವರೆಲ್ಲ ಕ್ಯಾಪ್ಟನ್ ಕಡೆ. ಹರೆಯದ ಹುಡುಗರು ಬಂದೂಕಿನವನ ಕಡೆ. ಗಾಡಿ ಹೊಡೆಯುವವರು, ಫಿರಂಗಿ ಎಳೆದುಕೊಂಡು ಗುಡ್ಡ ಹತ್ತಿದ ಹೇಸರಗತ್ತೆಯೇ ನಿಜವಾದ ಹೀರೋ ಎಂದು ಸಾಧಿಸುತ್ತಿದ್ದರು. ನಾನು ಕ್ಯಾಪ್ಟನ್ ಪಕ್ಷ. ಹೇಸರಗತ್ತೆಯವರ ಜತೆ ವಾದ ಮಾಡಿ ನನ್ನ ಬಟ್ಟೆ ಅಂಗಡಿಯ ಇಬ್ಬರು ಗಿರಾಕಿಗಳನ್ನು ಕಳೆದುಕೊಂಡೆ. ಈಗಲೂ ನಾನು ಹೇಳಿದ್ದೇ ಸರಿ.

ಜನ ಕಡಿಮೆಯಾಗತೊಡಗಿದಾಗ ಅಪ್ಪಯ್ಯಣ್ಣ ಹೊಸ ಉಪಾಯ ಮಾಡಿದ. ನಿಮ್ಮ ಮೆಚ್ಚಿನ ಪಾತ್ರ ಯಾವುದೋ ಆರಿಸಿ, ಗೆದ್ದವನ ಚಿತ್ರವನ್ನು ಟೆಂಟಿನ ಮುಂದಿನ ಹಲಗೆಯ ಮೇಲೆ ಆಳೆತ್ತರ ಬರೆಸುತ್ತೇನೆ ಎಂದು ತಮಟೆ ಹೊಡೆಸಿದ. ಬಾಗಿಲ ಬಳಿ ಗಡಿಗೆಗಳನ್ನಿಟ್ಟು ಸುಣ್ಣದಿಂದ ಒಂದರ ಮೇಲೆ ಟೋಪಿ, ಒಂದರ ಮೇಲೆ ಬಂದೂಕು, ಒಂದರ ಮೇಲೆ ಉದ್ದ ಕಿವಿ ಬರೆಸಿದ. ಓದುಬರಹ ಬಾರದವರೇ ಹೆಚ್ಚು, ಆದ್ದರಿಂದ ಚೀಟಿ ಬೇಡ, ಬೇಕಾದವನ ಗಡಿಗೆಗೆ ರೇಷ್ಮೆಗೂಡು ಹಾಕಿ ಎಂದ. ಚಿಟ್ಟೆ ಕೊರೆದು ಹೊರಬಂದ, ನೂಲು ಬಾರದ ತೂತುಗೂಡಿಗೆ ನಮ್ಮೂರಲ್ಲಿ ಬರವೇ?

ಆ ಸಂಜೆ ಮುನಿವೆಂಕಟಮ್ಮ ಗಡಿಗೆಗಳ ಮುಂದೆ ನಿಂತು ಕೇಳಿದಳು, "ನಮ್ಮೋನ ಗಡಿಗೆ ಎಲ್ಲೈತೆ?"

"ಯಾರಕ್ಕ ನಿಮ್ಮೋನು?"

"ಛತ್ರಿ ಮಡಿಸಿದೋನು."

ಅಪ್ಪಯ್ಯಣ್ಣ ನೆನಪು ಮಾಡಿಕೊಳ್ಳಬೇಕಾಯಿತು. ಚಿತ್ರದ ನಡುವೆ ಕ್ಯಾಪ್ಟನ್ ಛತ್ರಿ ಹಿಡಿದು ಆಕಾಶದಿಂದ ಇಳಿಯುತ್ತಾನೆ. ಅದು ಮರಕ್ಕೆ ಸಿಕ್ಕಿಕೊಂಡಾಗ ಚಾಕುವಿನಿಂದ ಹರಿದು ಕೆಸರಿನಲ್ಲಿ ಹೂತು ಓಡುತ್ತಾನೆ. ಆಮೇಲೆ ಒಬ್ಬ ಮೀಸೆಯ ಜರ್ಮನ್ ಸಿಪಾಯಿ ಬಂದು, ಅದನ್ನು ಎಳೆದು ತೆಗೆದು, ಕೆಸರು ಕೊಡವಿ, ಅಂಚಿಗೆ ಅಂಚು ಸೇರಿಸಿ ನಿಧಾನವಾಗಿ ಮಡಿಸುತ್ತಾನೆ. ಮಡಿಸಿ ಕಂಕುಳಲ್ಲಿ ಇಟ್ಟುಕೊಳ್ಳುವಷ್ಟರಲ್ಲಿ ಕ್ಯಾಪ್ಟನ್ ಪೊದೆಯ ಹಿಂದಿನಿಂದ ಗುಂಡು ಹೊಡೆಯುತ್ತಾನೆ. ಗಂಡಸರೆಲ್ಲ ಶಿಳ್ಳೆ ಹಾಕುವ ಜಾಗ ಅದು. ಅಲ್ಲೇ ದಿನವೂ ಹೆಂಗಸರ ಕಡೆಯಿಂದ ಮುನಿವೆಂಕಟಮ್ಮ ಎದ್ದು, "ಕೈಯಾಗೆ ಕೆಲಸ ಇರೋನ್ನ ಹೊಡೀತಾರೇನೋ, ನಿನ್ ಮನೆ ಹಾಳಾಗ!" ಎಂದು ಕ್ಯಾಪ್ಟನ್‌ಗೆ ಶಾಪ ಹಾಕುತ್ತಿದ್ದಳು.

"ಅಕ್ಕಾ, ಅವನು ಶತ್ರು ಕಣಕ್ಕ," ಎಂದ ಅಪ್ಪಯ್ಯಣ್ಣ.

"ಇರ್ಲಿ. ಮಿಕ್ಕೋರೆಲ್ಲ ಹರಿದ್ರು, ತುಳಿದ್ರು. ನಾವು ಕೈ ಬೇಯಿಸ್ಕೊಂಡು ತೆಗೆದಿದ್ದು ಅದು. ಅವನೊಬ್ನೇ ಮಡಿಸಿದ್ದು. ಯಾರು ಬೇಕು ಅಂತ ನೀನೇ ತಾನೆ ಕೇಳಿದ್ದು? ನನ್ನ ಜೀವಮಾನದಾಗೆ ಯಾರೂ ಕೇಳಿರ್ಲಿಲ್ಲ. ಕೇಳಿದ್ಮೇಲೆ ಗಡಿಗೆ ಇಡು."

ಅವನು ಇಡಲಿಲ್ಲ. ಅವಳು ಮನೆಗೆ ಹೋಗಿ ತನ್ನ ಹುರುಳಿ ಗಡಿಗೆಯನ್ನೇ ಬರಿದು ಮಾಡಿ ತಂದು ಸಾಲಿನ ಕೊನೆಯಲ್ಲಿಟ್ಟಳು.

ವಾರ ಮುಗಿದಾಗ ನೋಡಿದರೆ ಹುರುಳಿ ಗಡಿಗೆ ತುಂಬಿ, ಸುತ್ತ ನೆಲವೆಲ್ಲ ಗೂಡು. ನಮ್ಮ ಕ್ಯಾಪ್ಟನ್ ಗಡಿಗೆಯಲ್ಲಿ ತಳ ಕಾಣುತ್ತಿತ್ತು. ಹೇಸರಗತ್ತೆಗೂ ನಮಗಿಂತ ಹೆಚ್ಚು ಬಿದ್ದಿತ್ತು, ಆ ನೋವು ನನಗೆ ಇನ್ನೂ ಇದೆ. ಕಾರ್ಖಾನೆಯ ಹೆಂಗಸರು ಸೆರಗು ತುಂಬ ತಂದು ಸುರಿದಿದ್ದಾರೆ, ಇದು ಮೋಸ ಎಂದು ನಾವು ಗಲಾಟೆ ಮಾಡಿದೆವು.

"ಒಬ್ರಿಗೆ ಒಂದೇ ಅಂತ ತಮಟೆಯೋನು ಹೇಳಿದ್ನಾ?" ಎಂದಳು ಮುನಿವೆಂಕಟಮ್ಮ.

ಹೇಳಿರಲಿಲ್ಲ. ಅವಳು ಗೆದ್ದಿದ್ದಳು.

ಮರುದಿನವೇ ಪೊಲೀಸ್ ದಫೇದಾರರು ಬಂದರು. ಯುದ್ಧ ನಡೆಯುವಾಗ ಜರ್ಮನ್ ಸಿಪಾಯಿಯ ಮುಖ ಬೀದಿಯಲ್ಲಿ ಕಂಡರೆ ಟೆಂಟು ಕಿತ್ತು, ಅಪ್ಪಯ್ಯಣ್ಣನನ್ನು ಒಳಗೆ ಕೂರಿಸುವುದಾಗಿ ಸ್ಪಷ್ಟವಾಗಿ ಹೇಳಿಹೋದರು. ಅಪ್ಪಯ್ಯಣ್ಣ ಬೆವರುತ್ತ ಮುನಿವೆಂಕಟಮ್ಮನ ಮನೆಗೆ ಓಡಿದ. ಕ್ಯಾಪ್ಟನ್ ಚಿತ್ರಕ್ಕೇ ಒಪ್ಪಿಕೋ, ನಿನ್ನ ಕಾಲಿಗೆ ಬೀಳುತ್ತೇನೆ ಎಂದ. ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು.

"ಹಂಗಾದ್ರೆ ನೀನೂ ಸುಮ್ನೆ ಕೇಳಿದ್ದು," ಎಂದಳು, ಬಾಗಿಲು ಹಾಕಿಕೊಂಡಳು.

ಆ ಸಂಜೆ ಟೆಂಟಿನ ಹೆಂಗಸರ ಕಡೆ ಒಂದು ನರಪಿಳ್ಳೆಯೂ ಇರಲಿಲ್ಲ. ಮಾರನೆಯ ದಿನವೂ ಇಲ್ಲ. ಹೆಂಗಸರು ಬಾರದಿದ್ದರೆ ಮನೆಯಲ್ಲಿ ಗಂಡಸರನ್ನೂ ಬಿಡರು. ಖಾಲಿ ಟೆಂಟಿನಲ್ಲಿ ಅಪ್ಪಯ್ಯಣ್ಣ ನಾಲ್ಕಾರು ಜನಕ್ಕೆ ಅರ್ಥ ಹೇಳುತ್ತಿದ್ದುದನ್ನು ನೋಡಿ, ಕ್ಯಾಪ್ಟನ್ ಪಕ್ಷದವನಾದ ನಾನೂ ಒಬ್ಬನಿಗೆ ಎರಡು ಟಿಕೆಟ್ ಕೊಂಡೆ.

ದಾರಿ ಹುಡುಕಿದವನು ಹಲಗೆ ಬರೆಯುವ ಪಿಳ್ಳಣ್ಣ. "ಮುಖ ಬ್ಯಾಡ, ಟೋಪಿ ಬ್ಯಾಡ, ಬರೀ ಕೈ ಬರೀತೀನಿ. ಕೈ ನೋಡಿ ಯಾವ ದೇಶ ಅಂತಾರೆ?" ಎಂದ. ಆದರೆ ಅವನು ಬಣ್ಣ ಕಲೆಸುತ್ತ ಹೊರಗೇ ಇರುವವನು, ಆ ದೃಶ್ಯವನ್ನು ಸರಿಯಾಗಿ ನೋಡಿರಲಿಲ್ಲ. ಹಾಗಾಗಿ ಮುನಿವೆಂಕಟಮ್ಮನ ಮನೆಗೇ ಹೋಗಿ, "ಅಕ್ಕಾ, ಅವನು ಹೆಂಗೆ ಮಡಿಸ್ದ? ಒಂದು ಕಿತ ತೋರ್ಸು," ಎಂದ. ಬರೆಸುತ್ತಾರೆ ಎಂಬ ಮಾತು ಕಿವಿಗೆ ಬಿದ್ದದ್ದೇ ಬಾಗಿಲು ತೆರೆಯಿತು. ಅವಳು ದುಪ್ಪಟಿಯೊಂದನ್ನು ಅಂಗಳಕ್ಕೆ ತಂದು, ಕೊಡವಿ, ಅಂಚಿಗೆ ಅಂಚು ಸೇರಿಸಿ ಮಡಿಸಿ ತೋರಿಸಿದಳು. ಮಧ್ಯೆ ಅವನ ಹಾಗೆ ಇಲ್ಲದ ಮೀಸೆಯನ್ನೂ ತಿರುವಿದಳಂತೆ.

ಹಲಗೆ ಮೇಲೇರಿತು. ಬೆಳ್ಳಗಿನ ರೇಷ್ಮೆಯ ರಾಶಿ, ಅದನ್ನು ಮಡಿಸುವ ಎರಡು ದೊಡ್ಡ ಕೈ. ದಫೇದಾರರು ಬಂದು ಮೇಲೆ ಕೆಳಗೆ ನೋಡಿದರು.

"ಯಾರ್ದಯ್ಯಾ ಈ ಕೈ?"

"ಯಾರೋ ಕೆಲಸದೋರ್ದು ಸ್ವಾಮಿ," ಎಂದ ಅಪ್ಪಯ್ಯಣ್ಣ.

ಕೈಯಲ್ಲಿ ತಪ್ಪೇನೂ ಸಿಗದೆ ಅವರು ಸೈಕಲ್ ಹತ್ತಿದರು.

ಸಂಜೆ ಕಾರ್ಖಾನೆ ಬಿಟ್ಟ ಮೇಲೆ ಮುನಿವೆಂಕಟಮ್ಮ ಬಂದಳು, ಹಿಂದೆ ಹೆಂಗಸರ ದಂಡು. ಹಲಗೆಯನ್ನು ನೋಡುತ್ತ ನಿಂತೇ ಇದ್ದಳು.

"ಲೋ ಪಿಳ್ಳಣ್ಣ," ಎಂದಳು ಕೊನೆಗೆ, "ಇದು ಅವನ ಕೈಯಲ್ಲ ಕಣೋ. ಬೆರಳ ತುದಿ ನೋಡು. ಇದು ನಂದು."

ಪಿಳ್ಳಣ್ಣ ತಲೆ ಕೆರೆದುಕೊಂಡ. "ಕಂಡಿದ್ದು ಬರ್ದೆ ಅಕ್ಕಾ."

"ನಾನು ಆರ್ಸಿದ್ದು ಅವನ್ನ. ಕೆಳಗೆ ಅವನ ಹೆಸರಾದ್ರೂ ಬರಿ."

ಎಲ್ಲರೂ ಅಪ್ಪಯ್ಯಣ್ಣನ ಕಡೆ ತಿರುಗಿದರು. ಬಾಯಿಗೆ ಬಂದದ್ದನ್ನೆಲ್ಲ ಅರ್ಥವೆಂದು ಹೇಳುವ ಮನುಷ್ಯ, ಆವತ್ತು ಅದೇಕೋ ಸುಳ್ಳು ಹೇಳಲಿಲ್ಲ. "ಅವನ ಹೆಸರು ಯಾರೂ ಕರೆಯೋದೇ ಇಲ್ಲಕ್ಕ ಪಿಚ್ಚರ್‌ನಾಗೆ. ಬರ್ತಾನೆ, ಮಡಿಸ್ತಾನೆ, ಸಾಯ್ತಾನೆ," ಎಂದ.

ಮುನಿವೆಂಕಟಮ್ಮ ಒಮ್ಮೆ ಹಲಗೆ ನೋಡಿದಳು, ಒಮ್ಮೆ ನಮ್ಮೆಲ್ಲರನ್ನೂ ನೋಡಿದಳು.

"ಹಂಗಾದ್ರೆ ನನ್ನ ಹೆಸರೇ ಬರಿ," ಎಂದಳು.

ಪಿಳ್ಳಣ್ಣ ಬರೆದ. ಕೆಂಪು ಬಣ್ಣದಲ್ಲಿ, ಚಿತ್ರದ ಹೆಸರಿಗಿಂತ ದಪ್ಪಕ್ಷರಗಳಲ್ಲಿ. ಮುಂದಿನ ಶನಿವಾರ ದೊಡ್ಡಬೆಳವಂಗಲದ ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದವರು ಹಲಗೆ ಓದಿ ಒಳಗೆ ಕೂತರು. ಅರ್ಧ ಚಿತ್ರ ಕಳೆದರೂ ಪರದೆಯ ಮೇಲೆ ಒಬ್ಬ ಹೆಂಗಸೂ ಕಾಣದೆ, "ಮುನಿವೆಂಕಟಮ್ಮ ಯಾವಾಗ ಬರ್ತಾಳೆ?" ಎಂದು ಕೂಗತೊಡಗಿದರು. ಅಪ್ಪಯ್ಯಣ್ಣ ಕೋಲು ಹಿಡಿದು ಪರದಾಡಿದ. ಅಷ್ಟರಲ್ಲಿ ಮೀಸೆಯ ಜರ್ಮನ್ ಸಿಪಾಯಿ ಪರದೆಗೆ ಬಂದು, ಕೆಸರು ಕೊಡವಿ, ಅಂಚಿಗೆ ಅಂಚು ಸೇರಿಸಿದ.

"ಇವರೇ ನೋಡಿ ಮುನಿವೆಂಕಟಮ್ಮನೋರು!" ಎಂದು ಅಪ್ಪಯ್ಯಣ್ಣ ಕೋಲು ತೋರಿಸಿದ.

ಟೆಂಟು ಕಿತ್ತುಹೋಗುವಂತೆ ಶಿಳ್ಳೆ ಬಿತ್ತು. ಹೆಂಗಸರ ಕಡೆ ಮುಂದೆ ಕೂತಿದ್ದ ಮುನಿವೆಂಕಟಮ್ಮ ನಗುತ್ತ ನಗುತ್ತ ಅತ್ತುಬಿಟ್ಟಳು. ಪೊದೆಯ ಹಿಂದಿನಿಂದ ಕ್ಯಾಪ್ಟನ್ ಬಂದೂಕು ಎತ್ತಿದಾಗ, ಈ ಸಲ ಎದ್ದು ನಿಂತು ಶಾಪ ಹಾಕಿದವಳು ಅವಳೊಬ್ಬಳೇ ಅಲ್ಲ, ಇಡೀ ಟೆಂಟು.