ಕುಬಸದ ಮನೆಯಲ್ಲಿ ನೆಟ್ ಇರಲಿಲ್ಲವಂತೆ

ವಾಕಡದಲ್ಲಿ ಮನೆ, ಹಡಪಸರದಲ್ಲಿ ಆಫೀಸು. ಪುಣೆಯ ಈ ತುದಿಯಿಂದ ಆ ತುದಿಗೆ ಹೋಗಿ ಬರುವಷ್ಟರಲ್ಲಿ ಜೀವ ಹೈರಾಣಾಗುತ್ತಿತ್ತು. ಎರಡು ಸಾವಿರದ ದಶಕ ಮುಗಿಯುತ್ತ ಬಂದಾಗ ನಮ್ಮ ಸಾಹೇಬರು ಲ್ಯಾಪ್‌ಟಾಪ್ ಕೈಗಿಟ್ಟು, ಇನ್ನು ಮನೆಯಿಂದಲೇ ಕೆಲಸ ಮಾಡಿ ಎಂದರು. ನನಗೆ ಸ್ವರ್ಗಕ್ಕೆ ಮೂರೇ ಗೇಣು.

ಎದುರು ಮನೆಯ ಮರಾಠಿ ಹೆಂಗಸು "ಕಾಯ್, ನೋಕರಿ ಸೋಡಲಿ ಕಾ?" ಎಂದು ಕನಿಕರದಿಂದ ಕೇಳಿದಳು. ಕೆಲಸ ಬಿಟ್ಟಿಲ್ಲ ಎಂದರೆ ನಂಬುವವರು ಯಾರು? ಹೇಗೂ ಮನೆಯಲ್ಲೇ ಇರುತ್ತಾಳೆಂದು ಸ್ವಲ್ಪ ದಿನಕ್ಕೆ ಇಡೀ ಮಹಡಿಯ ಗ್ಯಾಸ್ ಸಿಲಿಂಡರುಗಳು ನನ್ನ ಬಾಗಿಲಿಗೇ ಬರತೊಡಗಿದವು. ಬರಲಿ ಬಿಡಿ ಎಂದುಕೊಂಡೆ. ಕೆಲಸವನ್ನು ಚೀಲದಲ್ಲಿ ಹಾಕಿಕೊಂಡು ಧಾರವಾಡದ ತವರಿಗೆ ಹೋಗಿ ಕೂರಬಹುದಲ್ಲ, ಅದೇ ನನಗೆ ದೊಡ್ಡದಾಗಿತ್ತು.

ಅಷ್ಟರಲ್ಲಿ ತಂಗಿ ಬಸುರಿಯಾದಳು. ಏಳನೇ ತಿಂಗಳ ಕುಬಸ ತವರಿನಲ್ಲೇ ಎಂದಾಯಿತು. ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಆರತಿ ಬೆಳಗುವ ಕಾರ್ಯ. ಅವಳಿಗೆ ಜಡೆ ಹಾಕಿ ಬೆಳೆಸಿದವಳು ನಾನು. ಮೊದಲ ಉಡಿ ನಾನೇ ತುಂಬುವವಳೆಂದು ಅವಳಿಗೆ ಹೇಳಿಬಿಟ್ಟಿದ್ದೆ, ಹಸಿರು ಸೀರೆಯನ್ನೂ ಕೊಂಡಿಟ್ಟಿದ್ದೆ. ಅವ್ವನಿಗೆ ಫೋನ್ ಮಾಡಿ, "ವಾರ ಮೊದಲ ಬರ್ತೀನಿ. ರಜಾ ಬೇಕಿಲ್ಲ, ಅಲ್ಲಿಂದನೂ ಕೆಲಸ ಆಗ್ತದ" ಎಂದೆ.

ಅವ್ವ ಒಪ್ಪಲಿಲ್ಲ. "ಬ್ಯಾಡವಾ. ನಮ್ಮ ಮನ್ಯಾಗ ನೆಟ್ ಭಾಳ ತ್ರಾಸ ಕೊಡ್ತದ. ಸೀರಿ ಅಷ್ಟ ಬಸ್ಸಿನಾಗ ಕಳಸು."

ಹಾಗಾದರೆ ರಜೆ ಹಾಕುತ್ತೇನೆಂದೆ. ಈಗಷ್ಟೇ ಇಂಥ ಸವಲತ್ತು ಕೊಟ್ಟಿದ್ದಾರೆ, ರಜೆ ಕೇಳಿದರೆ ಅದನ್ನೂ ಕಿತ್ತುಕೊಂಡಾರು ಎಂದು ನನ್ನ ನೌಕರಿಯ ಬಗ್ಗೆ ನನಗಿಂತ ಹೆಚ್ಚು ಕಾಳಜಿ ತೋರಿಸಿದಳು. ಹೆತ್ತ ತಾಯಿ, ನಂಬಿದೆ.

ಕುಬಸದ ದಿನ ತಮ್ಮ ತಾನಾಗಿಯೇ ವೆಬ್‌ಕ್ಯಾಮ್ ಹಚ್ಚಿದ. ಪಾಪ, ಅವನಿಗೆ ಅಕ್ಕನೂ ನೋಡಲಿ ಎಂಬ ಉತ್ಸಾಹ. ನನ್ನ ಊಟದ ಮೇಜಿನ ಮೇಲೆ ಧಾರವಾಡದ ಪಡಸಾಲೆ ಮೂಡಿತು. ಚಿತ್ರ ಒಮ್ಮೆಯೂ ನಿಲ್ಲಲಿಲ್ಲ, ತಂಗಿಯ ಬಳೆಯ ಸದ್ದೂ ಕೇಳುತ್ತಿತ್ತು. ನೆಟ್ ತ್ರಾಸ ಕೊಡುವ ಮನೆಯಿಂದ!

ತಮ್ಮ ಯಾರನ್ನೋ ಕರೆಯಲು ಎದ್ದು ಹೋದ. ನನಗೆ ಎಲ್ಲವೂ ಕೇಳಿಸುತ್ತದೆಂಬುದು ಅಲ್ಲಿ ಉಳಿದವರಿಗೆ ಗೊತ್ತಿರಲಿಲ್ಲ. ಕ್ಯಾಮೆರಾದ ಪಕ್ಕದಲ್ಲೇ ಸೋದರತ್ತೆಯ ದನಿ: "ದೊಡ್ಡಾಕಿನ್ನ ಕರಸಲಿಲ್ಲ, ಚೊಲೊ ಮಾಡಿದ್ರಿ ವೈನಿ. ಮಕ್ಕಳಿಲ್ಲದಾಕಿ ಕಡಿಂದ ಉಡಿ ತುಂಬಸಬಾರದು."

"ಬೀಗರು ಏನರ ಅಂದಾರಂತ ನಾನ ಬ್ಯಾಡಂದೆ" ಎಂದಳು ಅವ್ವ.

ಮದುವೆಯಾಗಿ ವರ್ಷಗಳಾದರೂ ನನಗೆ ಮಕ್ಕಳಿಲ್ಲವೆಂದು ಊರೆಲ್ಲ ಮುಖಕ್ಕೇ ಹೇಳಿತ್ತು. ಅವ್ವ ಒಬ್ಬಳೇ ಎಂದೂ ಆ ಮಾತು ಎತ್ತಿರಲಿಲ್ಲ. ಅವಳ ಮನಸ್ಸಿನಲ್ಲಿ ಅದು ಇಲ್ಲವೇ ಇಲ್ಲ ಎಂದುಕೊಂಡಿದ್ದ ದಡ್ಡಿ ನಾನು. ಮೈಯೆಲ್ಲ ಉರಿಯಿತು. ನೇರವಾಗಿ ಹೇಳಿದ್ದರೆ ಜಗಳವಾಡಿ, ಅತ್ತು, ಸುಮ್ಮನಾಗುತ್ತಿದ್ದೆ. ನನ್ನ ಕೆಲಸವನ್ನೇ ನೆಪ ಮಾಡಿ ನನ್ನನ್ನು ಹೊರಗಿಟ್ಟಿದ್ದಳಲ್ಲ, ಅದನ್ನು ಇವತ್ತಿಗೂ ನಾನು ಕ್ಷಮಿಸಿಲ್ಲ.

ಉಡಿ ತುಂಬುವುದೆಲ್ಲ ಮುಗಿದ ಮೇಲೆ ತಂಗಿ, ನಾನು ಕಳಿಸಿದ ಸೀರೆಯಲ್ಲೇ, ಪರದೆಯ ಮುಂದೆ ಬಂದು ಕೂತಳು. ಮುಖ ಊದಿಸಿಕೊಂಡಿದ್ದಳು.

"ಯಾಕ ಬರಲಿಲ್ಲ ಅಕ್ಕಾ? ಎಲ್ಲಿಂದ ಬೇಕಾದ್ರೂ ಕೆಲಸ ಮಾಡಬಹುದು ಅಂತಿದ್ದಿ. ಈಗ ನೋಡಿದ್ರ ನಿನಗ ಪುರಸೊತ್ತಿಲ್ಲಂತ, ಅವ್ವ ಹೇಳಿದಳು."

ಅವ್ವ ಅವಳ ಹಿಂದೆಯೇ ನಿಂತಿದ್ದಳು. ನಾನು ಅವ್ವನನ್ನೇ ನೋಡಿದೆ. ಈಗಲಾದರೂ ಬಾಯಿ ಬಿಡಲಿ ಎಂದು ಕಾದೆ. ಅವಳು ತಂಗಿಯ ಸೆರಗು ಸರಿಪಡಿಸತೊಡಗಿದಳು. ಬಸುರಿ ಹುಡುಗಿ, ಅವಳ ಕುಬಸದ ದಿನ ನಾನಾಗಿ ಕಣ್ಣೀರು ಹಾಕಿಸಲು ಮನಸ್ಸಾಗಲಿಲ್ಲ.

"ಕೆಲಸ ಭಾಳ ಇತ್ತವಾ" ಎಂದೆ.

"ನನಗಿಂತ ಕೆಲಸ ದೊಡ್ಡದಾತಲ್ಲ ನಿನಗ" ಎಂದು ಅವಳು ಎದ್ದು ಹೋದಳು.

ಖಾಲಿಯಾದ ಕುರ್ಚಿಯ ಮೇಲೆ ಅವ್ವ ಬಗ್ಗಿ, ಕ್ಯಾಮೆರಾಕ್ಕೆ ಮುಖ ಹತ್ತಿರ ತಂದು, "ಊಟಾ ಮಾಡಿದೇನವಾ?" ಎಂದು ಕೇಳಿದಳು.