ನೀರಣ್ಣನ ಹೆಸರು ಕೈತಪ್ಪಿತು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಂಪನಿ ನೋಂದಣಿ ಕಚೇರಿಯ ಎದುರು, ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಹೆಸರಕ್ಕ ಆಗಲೇ ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಹೊಸ ಕಂಪನಿಗೆ ಇಡಬೇಕೆಂದಿರುವ ಹೆಸರು ಕಾನೂನಿಗೆ ಒಗ್ಗುತ್ತದೆಯೇ ಎಂದು ಹುಡುಕಿ ಹೇಳುವುದು ಅವರ ಕಸುಬು, ಅದಕ್ಕೇ ಆ ಅಡ್ಡಹೆಸರು. ಎದುರಿಗೆ ಬ್ರೆಡ್ ಕಾರ್ಖಾನೆ ಹಾಕಲು ಹೊರಟ ಗಂಡ ಹೆಂಡತಿ. ಹೆಸರಿನಲ್ಲಿ ‘ರಾಷ್ಟ್ರೀಯ’ ಬೇಕೇ ಬೇಕೆಂದು ಗಂಡನ ಹಟ. ಸರ್ಕಾರದ್ದೇ ಕಂಪನಿ ಎಂದು ಜನ ನಂಬಿಬಿಡುವಂಥ ಪದ ಅನುಮತಿಯಿಲ್ಲದೆ ನಡೆಯುವುದಿಲ್ಲ ಎಂದು ಅಕ್ಕ ಮೆಲ್ಲಗೆ ಹೇಳುತ್ತಾರೆ. ಬೋರ್ಡು ಬರೆಸಿಯಾಗಿದೆ ಎಂದು ಆತ ತಲೆ ಮೇಲೆ ಕೈ ಹೊತ್ತು ಕೂರುತ್ತಾನೆ. ಬೋರ್ಡು ಮೊದಲು, ಹೆಸರು ಆಮೇಲೆ. ಇಲ್ಲಿಗೆ ಬರುವ ಅರ್ಧ ಜನರ ಹಣೆಬರಹ ಇದೇ.

ದಿನಕ್ಕೆ ಹತ್ತಿಪ್ಪತ್ತು ಮಂದಿ ಬರುತ್ತಾರೆ, ಹೆಚ್ಚಿನವರು ಸಪ್ಪೆ ಮುಖ ಹಾಕಿಕೊಂಡು ಹೋಗುತ್ತಾರೆ. “ಮಗೂಗೆ ಹೆಸರಿಟ್ಟ ಹಾಗೆ ಅನ್ಕೊಂಡಿರ್ತಾರೆ ಪಾಪ. ಒಂದೇ ಬೀದೀಲಿ ಒಂದೇ ಹೆಸರಿನ ಮಕ್ಕಳು ಎಷ್ಟಾದ್ರೂ ಇರಬಹುದು. ಕಂಪನಿ ಇರೋ ಹಾಗಿಲ್ಲ. ಹೋಲೋದೂ ಬೇಡ ಅನ್ನುತ್ತೆ ಕಾನೂನು,” ಎನ್ನುತ್ತಾರೆ ಅಕ್ಕ.

ಈ ಕಾನೂನು ಅವರ ಮನೆಯ ಬಾಗಿಲನ್ನೇ ತಟ್ಟಿದ್ದನ್ನು ಏನೆಂದು ಹೇಳೋಣ! ಅಕ್ಕನ ಗಂಡ ನೀರಿನ ಪಂಪು ರಿಪೇರಿಯಲ್ಲಿ ಕೈ ಪಳಗಿದವರು. ಊರಿಗೆಲ್ಲ ನೀರಣ್ಣ. ಆ ಹೆಸರಿನಲ್ಲೇ ಕಂಪನಿ ಮಾಡಬೇಕೆಂಬುದು ಅವರ ಜೀವಮಾನದ ಆಸೆ. ಅಕ್ಕನೇ ಅರ್ಜಿ ಹಾಕಿದರು, ಹೆಸರು ಮಂಜೂರೂ ಆಯಿತು. ಹಾಗೆ ಕಾಯ್ದಿರಿಸಿದ ಹೆಸರಿಗೆ ಗಡುವಿದೆ. ಅಷ್ಟರಲ್ಲಿ ಉಳಿದ ಕಾಗದ ಪತ್ರ ಸಲ್ಲಿಸದಿದ್ದರೆ ಯಾರು ಬೇಕಾದರೂ ಅದನ್ನು ಪಡೆಯಬಹುದು. ಬಂದವರಿಗೆಲ್ಲ ಇದನ್ನೇ ಜಪದಂತೆ ಹೇಳುವ ಅಕ್ಕ, ಗಂಡನಿಗೆ ಪಾರ್ಶ್ವವಾಯು ಬಡಿದು ಆಸ್ಪತ್ರೆಯ ಬೆಂಚೇ ಮನೆಯಾದಾಗ ತಮ್ಮದೇ ಗಡುವು ಮರೆತರು.

ಹೊಂಚು ಹಾಕಿ ಕೂತಿದ್ದ ಮೈದುನ ಆ ಹೆಸರನ್ನು ತನ್ನ ಕಂಪನಿಗೆ ಇಟ್ಟುಕೊಂಡ. ಅವನ ಕಂಪನಿ ಒಪ್ಪಿಗೆ ಬರೆದುಕೊಟ್ಟರೆ ದಾರಿಯುಂಟೆಂದು ಅಕ್ಕ ಅವನ ಮನೆಗೂ ಹೋದರು. ಅವನು ಕಾಫಿ ಕೊಟ್ಟು ಕೂರಿಸಿ ಹೇಳಿದನಂತೆ: “ಅತ್ತಿಗೆ, ಹೆಸರು ಅಣ್ಣಂದೇ. ನಾನು ಇಲ್ಲ ಅಂದ್ನಾ? ಆದ್ರೆ ಕಾನೂನಿನ ಪ್ರಕಾರ ಈಗ ನಂದು. ನಿಮಗೆ ಗೊತ್ತಿಲ್ದೇ ಇರೋದೇನಿದೆ?” ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಎಳೆಯುತ್ತದೆ ಎಂದರು ವಕೀಲರು. ನೀರಣ್ಣನ ಬಳಿ ಅಷ್ಟು ವರ್ಷಗಳಿಲ್ಲ.

“ಅವನ ಮೇಲೆ ಸಿಟ್ಟಿಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ ಮರೆತಿದ್ದು ನಾನು.” ಎನ್ನುವಾಗ ಅಕ್ಕ ಕಣ್ಣೊರೆಸಿಕೊಳ್ಳುವುದಿಲ್ಲ. ನೀರು ಕೆನ್ನೆಗಿಳಿಯಲು ಬಿಡುತ್ತಾರೆ.

ಕಳೆದ ವಾರ ಅವರು ಗಂಡನಿಗೆ ಎಲ್ಲವನ್ನೂ ಹೇಳಿದರು. ನೀರಣ್ಣ ತೊದಲುತ್ತಾ, ಹಾಗಾದರೆ ನಿನ್ನ ಹೆಸರೇ ಇಡು ಎಂದರು. ಇಷ್ಟು ವರ್ಷದಲ್ಲಿ ಅಕ್ಕ ತಮ್ಮ ಹೆಸರನ್ನು ಹುಡುಕಿದ್ದೇ ಇಲ್ಲ. ಮರುದಿನ ಹುಡುಕಿದರು.

“ಖಾಲಿ ಇದೆ. ಯಾರೂ ತಗೊಂಡಿಲ್ಲ,” ಎನ್ನುತ್ತಾರೆ. ಅರ್ಜಿ ಹಾಕಿದಿರಾ ಎಂದರೆ ಅಡ್ಡಡ್ಡ ತಲೆಯಾಡಿಸುತ್ತಾರೆ.

“ಇಲ್ಲ. ನಂದು ಹಾಕಿದ್ರೆ ಅವರದು ಹೋಯ್ತು ಅಂತ ನಾನೇ ಒಪ್ಕೊಂಡ ಹಾಗಲ್ವಾ? ಅವರು ಇರೋವರೆಗೂ ಅದು ಖಾಲಿನೇ ಇರಲಿ.”